ಸುಗ್ಗಿಯಲ್ಲಿ ಸಾಯುವ ಮರಿ: ಯಾದಗಿರಿ ಸೀಮೆಯ ಕುರಿಗಳ ಕರುಳುಬೇನೆ



ದತ್ತಿ ಉಪನ್ಯಾಸವೆಂದರೆ ವಚನ, ಶಾಸನ, ಇತಿಹಾಸಗಳ ಮಾತು ಎಂಬುದು ನಮ್ಮಲ್ಲಿ ರೂಢಿ. ಈ ಸಲ ಕುರಿಯ ಕರುಳಿನ ಬಗ್ಗೆ ಮಾತಾಡಿ ಎಂದು ದತ್ತಿಯವರು ಕೇಳಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಕೃಷ್ಣಾ ಭೀಮಾ ನದಿಗಳ ನಡುವಿನ ಈ ನೆಲದಲ್ಲಿ ಕುರಿ ಎಂದರೆ ಮಗಳ ಮದುವೆ, ಮಗನ ಕಾಲೇಜು, ಬರಗಾಲದ ವರ್ಷದ ಜೋಳ. ಬ್ಯಾಂಕಿನ ಮೆಟ್ಟಿಲು ಹತ್ತದ ಮನೆಗಳಿಗೆ ಹಿಂಡೇ ಉಳಿತಾಯದ ಖಾತೆ. ಒಂದು ವಾರದಲ್ಲಿ ಆ ಹಿಂಡಿನ ಹತ್ತಿಪ್ಪತ್ತು ಮರಿ ಕಾಲು ಬಡಿದು ಸತ್ತರೆ ಆ ಮನೆಯ ವರ್ಷದ ಲೆಕ್ಕವೇ ಕೆಡುತ್ತದೆ. ಹಾಗೆ ಕೆಡಿಸುವ ರೋಗಗಳಲ್ಲಿ ಕರುಳುಬೇನೆ ಮುಖ್ಯವಾದದ್ದು. ಅದಕ್ಕೆ ಲಸಿಕೆ ಇದೆ. ಆದರೂ ಮರಿಗಳು ಸಾಯುತ್ತಿವೆ. ಏಕೆ ಸಾಯುತ್ತಿವೆ, ಸಾವು ತಪ್ಪಿಸಲು ನಾವು ಏನು ಬದಲಿಸಬೇಕು ಎಂಬುದೇ ಇಂದಿನ ವಿಷಯ.

1. ನೆಲ, ನೀರು, ಹಿಂಡು

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿವೆ. ತೆಲಂಗಾಣ, ಆಂಧ್ರಗಳ ನಂತರ ದೇಶದಲ್ಲಿ ನಮ್ಮದೇ ಸ್ಥಾನ. ಈ ಸಂಪತ್ತಿನ ದೊಡ್ಡ ಪಾಲು ಉತ್ತರದ ಒಣ ಜಿಲ್ಲೆಗಳಲ್ಲಿದೆ. ಕಂಬಳಿಗೆ ಉಣ್ಣೆ ಕೊಡುವ ಕಪ್ಪು ದಖ್ಖನಿ ಕುರಿ, ಕೃಷ್ಣೆಯ ಆಚೆ ದಂಡೆಯ ರಾಯಚೂರು ಸೀಮೆಯಿಂದ ಹೆಸರಾದ ಕೆಂಗುರಿ, ಇವೆರಡರ ಮಿಶ್ರ ತಳಿಗಳು, ಎಲ್ಲವೂ ಇಲ್ಲಿನ ಹಿಂಡುಗಳಲ್ಲಿ ಕಾಣುತ್ತವೆ.

ಒಂದು ಕಾಲಕ್ಕೆ ಈ ಹಿಂಡುಗಳ ಆಹಾರ ಬಡವಾಗಿತ್ತು, ಆದರೆ ಒಂದೇ ಸಮನಾಗಿತ್ತು. ಗುಡ್ಡದ ಹುಲ್ಲು, ಬೀಳು ಹೊಲದ ಕಸ, ಜಾಲಿಕಾಯಿ, ಸುಗ್ಗಿಯಾದ ಮೇಲೆ ಒಂದಿಷ್ಟು ಜೋಳದ ಕೂಳೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಪೂರ್ಣಗೊಂಡಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಎರೆ ಹೊಲಗಳಿಗೆ ಇಳಿದಂತೆ ಚಿತ್ರ ಬದಲಾಯಿತು. ಭತ್ತ ಬಂತು, ಹತ್ತಿ ಮೆಣಸಿನಕಾಯಿ ಹೆಚ್ಚಿದವು, ಬೀಳು ಹೊಲ ಕಡಿಮೆಯಾಯಿತು. ಕುರಿಗೆ ಈಗ ವರ್ಷದ ಹೆಚ್ಚಿನ ದಿನ ಅರೆಹೊಟ್ಟೆ. ಕಟಾವು ಮುಗಿದ ಹೊಲದ ಬಾಗಿಲು ತೆರೆದ ಕೂಡಲೇ ಹೊಟ್ಟೆ ಬಿರಿಯುವಷ್ಟು ಮೇವು. ಗೊಬ್ಬರಕ್ಕಾಗಿ ರೈತ ತನ್ನ ಹೊಲದಲ್ಲಿ ರಾತ್ರಿ ಹಿಂಡು ನಿಲ್ಲಿಸಿಕೊಳ್ಳುತ್ತಾನೆ. ಅದಕ್ಕೆ ಕುರಿಗಾರನಿಗೆ ಕಾಳನ್ನೋ ದುಡ್ಡನ್ನೋ ಕೊಡುತ್ತಾನೆ. ಇಬ್ಬರಿಗೂ ಲಾಭ ತರುವ, ನೆಲಕ್ಕೂ ಒಳ್ಳೆಯದಾದ ಈ ಪದ್ಧತಿ ಉಳಿಯಬೇಕು. ಆದರೆ ಅದೇ ಹೊಲದ ಸಾಲಿನಲ್ಲಿ ಯಂತ್ರದ ಕಟಾವಿನಲ್ಲಿ ಉದುರಿದ ಭತ್ತವಿರುತ್ತದೆ, ಮುರಿದುಬಿದ್ದ ಜೋಳದ ತೆನೆ ಇರುತ್ತದೆ, ತೊಗರಿ ಕಾಳಿರುತ್ತದೆ. ಹಸಿದ ಮರಿ ಕಾಳನ್ನೇ ಹುಡುಕಿ ತಿನ್ನುತ್ತದೆ. ರೋಗದ ಬೀಜ ಮೊಳೆಯುವುದು ಇಲ್ಲಿ.

ಇನ್ನೂ ಎರಡು ಸಮಯಗಳನ್ನು ಇದರ ಜೊತೆ ಸೇರಿಸಿಕೊಳ್ಳಿ. ಮಿರಗದ ಮಳೆ ಬಿದ್ದು ಬೇಸಿಗೆಯಿಡೀ ಒಣಗಿದ್ದ ನೆಲ ಒಮ್ಮೆಲೇ ಹಸಿರಾಗುವ ವಾರಗಳು ಒಂದು. ಬಕ್ರೀದಿಗೆ ಮುಂಚೆ ಮನೆಯ ಮುಂದೆ ಕಟ್ಟಿ ಮೆಕ್ಕೆಜೋಳ, ನುಚ್ಚು, ಹಿಂಡಿ ತಿನ್ನಿಸಿ ಟಗರು ಕೊಬ್ಬಿಸುವ ತಿಂಗಳುಗಳು ಇನ್ನೊಂದು. ಮೂರರಲ್ಲೂ ಸಮಾನವಾದದ್ದು ಒಂದೇ: ಬಡ ಮೇವಿನಿಂದ ಸಮೃದ್ಧ ಮೇವಿಗೆ ದಿಢೀರನೆ ಆಗುವ ಬದಲಾವಣೆ.

2. ಸಾವು ಬರುವ ರೀತಿ

ಈ ಸಾವನ್ನು ಕುರಿಗಾರರು ವಿವರಿಸುವ ರೀತಿ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ: “ಸಂಜೀಕ ಛಂದಾಗಿ ಮೇಯ್ದು ಬಂದಿತ್ರೀ ಸಾಹೇಬ್ರ, ಮುಂಜಾನಿ ನೋಡಿದ್ರ ದಡ್ಡ್ಯಾಗ ಕಾಲು ಚಾಚಿ ಬಿದ್ದಿತ್ತು.” ಬದುಕಿದ್ದಾಗ ಕಣ್ಣಿಗೆ ಬಿದ್ದರೆ ಮರಿ ತೂರಾಡುತ್ತದೆ, ಕುತ್ತಿಗೆಯನ್ನು ಬೆನ್ನಿನ ಕಡೆಗೆ ಸೆಟೆಸುತ್ತದೆ, ಬಿದ್ದಲ್ಲೇ ಈಜಿದ ಹಾಗೆ ನಾಲ್ಕೂ ಕಾಲು ಬಡಿಯುತ್ತದೆ, ಹಲ್ಲು ಕಡಿಯುತ್ತದೆ. ಒಂದೆರಡು ಗಂಟೆಯಲ್ಲಿ ಮುಗಿದುಹೋಗುತ್ತದೆ. ಸ್ವಲ್ಪ ದೊಡ್ಡ ಕುರಿಯಾದರೆ ಒಂದು ದಿನ ತಡೆದು ತೆಳುವಾಗಿ ಉಚ್ಚಬಹುದು. ಆಡಿನಲ್ಲಿ ಭೇದಿ ಹೆಚ್ಚು ಕಾಣುತ್ತದೆ. ಅದು ಹಲವು ದಿನ ನರಳುವುದೂ ಉಂಟು.

ಸಾಯುವ ಮರಿ ಯಾವುದು ಎಂಬುದನ್ನು ಗಮನಿಸಿ. ಬಡಕಲು ಮರಿ ಸಾಯುವುದು ಕಡಿಮೆ. ಹೆಚ್ಚು ಹಾಲಿರುವ ತಾಯಿಯ ಒಂಟಿ ಮರಿ, ಎಲ್ಲರಿಗಿಂತ ಮುಂದೆ ನುಗ್ಗಿ ಮೇಯುವ ಮರಿ, ಸಂತೆಯಲ್ಲಿ ಒಳ್ಳೆಯ ಬೆಲೆ ತರಬೇಕಿದ್ದ ಕೊಬ್ಬಿದ ಟಗರುಮರಿ, ಇವು ಮೊದಲು ಹೋಗುತ್ತವೆ. ಹಿಂಡಿನ ನಷ್ಟವನ್ನು ತಲೆಯೆಣಿಕೆಯಲ್ಲಿ ಬರೆದರೆ ಸಣ್ಣದಾಗಿ ಕಾಣಬಹುದು. ಸತ್ತವು ಯಾವುವು ಎಂದು ನೋಡಿದರೆ ಅದು ಕುರಿಗಾರನ ಆ ವರ್ಷದ ಲಾಭವೇ ಆಗಿರುತ್ತದೆ.

3. ಕರುಳಿನೊಳಗೆ ನಡೆಯುವುದು

ಈ ರೋಗಾಣುವಿನ ಹೆಸರು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಅಮೆರಿಕದ ಬಾಲ್ಟಿಮೋರಿನಲ್ಲಿ ವಿಲಿಯಂ ವೆಲ್ಚ್ 1891ರಲ್ಲಿ ಒಬ್ಬ ರೋಗಿಯ ಶವದಲ್ಲಿ ಇದನ್ನು ಕಂಡರು, ಮರುವರ್ಷ ಸಹೋದ್ಯೋಗಿ ನಟಾಲ್ ಜೊತೆ ಸೇರಿ ವರದಿ ಮಾಡಿದರು. ಗಾಳಿಯಿಲ್ಲದ ಕಡೆ ಬೆಳೆಯುತ್ತದೆ. ಪ್ರತಿಕೂಲ ಕಾಲದಲ್ಲಿ ಗಟ್ಟಿ ಕವಚದ ಬೀಜಾಣುವಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಆರೋಗ್ಯವಂತ ಕುರಿಯ ಕರುಳಿನಲ್ಲೂ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಬೇರೆ ಬೇರೆ ತಳಿಗಳು ಬೇರೆ ಬೇರೆ ವಿಷ ತಯಾರಿಸುವುದರಿಂದ ಎ, ಬಿ, ಸಿ, ಡಿ ಮುಂತಾಗಿ ವಿಂಗಡಿಸಿದ್ದಾರೆ. ನಮ್ಮ ಕುರಿಗಳ ಕರುಳುಬೇನೆಗೆ ಕಾರಣ ಡಿ ಮಾದರಿ. ಅದರ ಮುಖ್ಯ ಆಯುಧ ಎಪ್ಸಿಲಾನ್ ಎಂಬ ವಿಷ. ಕ್ಲಾಸ್ಟ್ರಿಡಿಯಂ ಕುಲದ ವಿಷಗಳಲ್ಲಿ ಬಾಟ್ಯುಲಿನಂ, ಧನುರ್ವಾಯು ವಿಷಗಳ ನಂತರ ತೀವ್ರತೆಯಲ್ಲಿ ಇದರ ಹೆಸರೇ ಬರುತ್ತದೆ.

ಸಾಮಾನ್ಯ ದಿನಗಳಲ್ಲಿ ಈ ಅಣುಜೀವಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಹುಲ್ಲು ಮೇಯುವ ಕುರಿಯ ಮೊದಲ ಹೊಟ್ಟೆಯಲ್ಲೇ ಮೇವಿನ ಬಹುಪಾಲು ಹುದುಗಿ ಕರಗುತ್ತದೆ. ಸಣ್ಣ ಕರುಳಿಗೆ ಪಿಷ್ಟ ಇಳಿಯುವುದು ಬಹಳ ಕಡಿಮೆ. ಹುಟ್ಟಿದ ಅಷ್ಟಿಷ್ಟು ವಿಷವನ್ನೂ ಕರುಳಿನ ಚಲನೆ ಮುಂದಕ್ಕೆ ತಳ್ಳಿ ಹೊರಹಾಕುತ್ತದೆ. ಮರಿ ಒಮ್ಮೆಲೇ ಕಾಳು ತಿಂದಾಗ ಈ ಕ್ರಮ ತಪ್ಪುತ್ತದೆ. ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಹೊಸ ಆಹಾರಕ್ಕೆ ಇನ್ನೂ ಒಗ್ಗಿಲ್ಲ. ಕರಗದ ಪಿಷ್ಟ ಸಣ್ಣ ಕರುಳಿಗೆ ಹರಿಯುತ್ತದೆ. ಅಲ್ಲಿ ಕಾದಿದ್ದ ಕ್ಲಾಸ್ಟ್ರಿಡಿಯಂಗೆ ಅದೇ ಔತಣ. ಅನುಕೂಲ ಸ್ಥಿತಿಯಲ್ಲಿ ಇದು ಸುಮಾರು 10 ನಿಮಿಷಕ್ಕೆ ಒಂದು ಎರಡಾಗಬಲ್ಲದು. ಆ ವೇಗದಲ್ಲೇ ಬೆಳೆದರೆ ಒಂದು ಜೀವಕೋಶ ಮೂರು ಗಂಟೆಯಲ್ಲಿ ಎರಡೂವರೆ ಲಕ್ಷ ದಾಟುತ್ತದೆ. ಸಂಜೆ ಕಾಳು ತಿಂದ ಮರಿ ಬೆಳಗಾಗುವುದರೊಳಗೆ ಸಾಯುವುದು ಹೇಗೆಂದು ಈ ಲೆಕ್ಕದಿಂದ ಗೊತ್ತಾಗುತ್ತದೆ.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಅಣುಜೀವಿ ಹೊರಬಿಡುವ ಎಪ್ಸಿಲಾನ್ ಮೊದಲಿಗೆ ಪೂರ್ಣ ವಿಷವಲ್ಲ. ಬಹುಮಟ್ಟಿಗೆ ನಿರುಪದ್ರವಿಯಾದ ಉದ್ದನೆಯ ಪ್ರೋಟೀನು ಅದು. ಕುರಿಯ ಸ್ವಂತ ಮೇದೋಜೀರಕ ಗ್ರಂಥಿಯಿಂದ ಬರುವ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್ ಎಂಬ ಜೀರ್ಣರಸಗಳು ಅದರ ಎರಡೂ ತುದಿಯಿಂದ ಒಂದೊಂದು ತುಂಡು ಕತ್ತರಿಸುತ್ತವೆ. ಕತ್ತರಿಸಿದ ಮೇಲೆ ಅದು ಮಾರಕವಾಗುತ್ತದೆ. ಅನ್ನ ಕರಗಿಸಬೇಕಾದ ರಸವೇ ವಿಷವನ್ನು ಹದಗೊಳಿಸುತ್ತದೆ. ಹದಗೊಂಡ ವಿಷ ಮೊದಲು ಕರುಳಿನ ಗೋಡೆಯನ್ನು ಸಡಿಲಗೊಳಿಸಿ ರಕ್ತಕ್ಕೆ ದಾರಿ ಮಾಡಿಕೊಳ್ಳುತ್ತದೆ. ಆಮೇಲೆ ಮಿದುಳು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳ ಒಳಪದರಕ್ಕೆ ಅಂಟುತ್ತದೆ. ಏಳು ಏಳು ಅಣುಗಳು ಕೂಡಿ ಜೀವಕೋಶದ ಪೊರೆಯಲ್ಲಿ ರಂಧ್ರ ಕೊರೆಯುತ್ತವೆ. ರಕ್ತನಾಳದಿಂದ ದ್ರವ ಸೋರಿ ಮಿದುಳು ಊದಿಕೊಳ್ಳುತ್ತದೆ. ಕುತ್ತಿಗೆ ಸೆಟೆಯುವುದೂ ಕಾಲು ಬಡಿಯುವುದೂ ಅದರಿಂದಲೇ.

ವಿಷ ಮಿದುಳಿಗೆ ಅಂಟಿದ ಮೇಲೆ ಯಾವ ಚುಚ್ಚುಮದ್ದೂ ಅದನ್ನು ಬಿಡಿಸಲಾರದು. ಔಷಧಿ ಅಂಗಡಿಯಿಂದ ತಂದ ಆ್ಯಂಟಿಬಯಾಟಿಕ್ ಅಣುಜೀವಿಯನ್ನು ಕೊಲ್ಲಬಹುದು, ಈಗಾಗಲೇ ಬಿಡುಗಡೆಯಾದ ವಿಷವನ್ನು ಮುಟ್ಟುವುದಿಲ್ಲ. ಬರೆ ಹಾಕುವುದರಿಂದ ಸಾಯುವ ಮರಿಗೆ ನೋವು ಹೆಚ್ಚುತ್ತದೆಯೇ ಹೊರತು ಬೇರೇನೂ ಆಗದು. ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕಾದದ್ದು ನನ್ನ ಕರ್ತವ್ಯ. ಕರುಳುಬೇನೆಯಲ್ಲಿ ಚಿಕಿತ್ಸೆಯನ್ನು ನೆಚ್ಚುವಂತಿಲ್ಲ. ಮರಿ ಉಳಿಯಬೇಕಾದರೆ ರೋಗ ಬರುವ ಮುಂಚೆಯೇ ತಡೆಯಬೇಕು.

4. ಅದೇ ಕುಲದ ಇನ್ನೊಂದು ರೋಗ

ಹುಟ್ಟಿದ ಮೊದಲ ದಿನಗಳಲ್ಲೇ ರಕ್ತಭೇದಿಯಾಗಿ ಸಾಯುವ ಎಳೆಮರಿಗಳ ವಿಷಯ ಬೇರೆ. ಅಲ್ಲಿ ಕೆಲಸ ಮಾಡುವುದು ಬಿ ಮತ್ತು ಸಿ ಮಾದರಿಗಳ ಬೀಟಾ ವಿಷ. ಟ್ರಿಪ್ಸಿನ್ ಈ ಬೀಟಾ ವಿಷವನ್ನು ನಾಶ ಮಾಡುತ್ತದೆ. ಆದರೆ ಗಿಣ್ಣಿನ ಹಾಲಿನಲ್ಲಿ ಟ್ರಿಪ್ಸಿನ್ನನ್ನು ತಡೆಯುವ ಅಂಶವಿದೆ. ತಾಯಿಯ ರೋಗನಿರೋಧಕಗಳು ಜೀರ್ಣವಾಗದೆ ಮರಿಯ ರಕ್ತ ಸೇರಲಿ ಎಂದೇ ಪ್ರಕೃತಿ ಅದನ್ನು ಇಟ್ಟಿದೆ. ಆ ಕೆಲವು ದಿನಗಳಲ್ಲಿ ಬೀಟಾ ವಿಷಕ್ಕೂ ಅಡ್ಡಿ ಇರುವುದಿಲ್ಲ.

ಇದೇ ಸೂತ್ರ ಮನುಷ್ಯರಲ್ಲೂ ಕಂಡಿದೆ. ಪಪುವಾ ನ್ಯೂಗಿನಿಯ ಎತ್ತರದ ಪ್ರದೇಶದಲ್ಲಿ ಹಂದಿಮಾಂಸದ ಹಬ್ಬದೂಟವಾದ ಮೇಲೆ ಮಕ್ಕಳು ಕರುಳು ಕೊಳೆತು ಸಾಯುತ್ತಿದ್ದರು. ಅವರ ನಿತ್ಯದ ಆಹಾರವಾದ ಗೆಣಸಿನಲ್ಲಿ ಟ್ರಿಪ್ಸಿನ್ನನ್ನು ತಡೆಯುವ ಅಂಶವಿತ್ತು. ಪ್ರೋಟೀನು ಕಡಿಮೆಯಾದ ಊಟದಿಂದ ಟ್ರಿಪ್ಸಿನ್ನೂ ಕಡಿಮೆಯಾಗಿತ್ತು. ಸಿ ಮಾದರಿಯ ಬೀಟಾ ವಿಷಕ್ಕೆ ತಡೆಯೇ ಇರಲಿಲ್ಲ. 1980ರ ದಶಕದಲ್ಲಿ ಆ ಮಕ್ಕಳಿಗೆ ಲಸಿಕೆ ಹಾಕಿದ ಮೇಲೆ ರೋಗ ಗಣನೀಯವಾಗಿ ಇಳಿಯಿತು. ಬಡ ಆಹಾರದ ಮೇಲೆ ಒಮ್ಮೆಲೇ ಬಿದ್ದ ಸಮೃದ್ಧಿ ಅಲ್ಲಿಯೂ ಕಾರಣವಾಗಿತ್ತು, ಅಲ್ಲಿಯೂ ಲಸಿಕೆಯೇ ಕೈಹಿಡಿಯಿತು.

  

5. ವಿಷ ಹಾಕಿದವರು ಯಾರು?

ರೈತನ ಹೊಲದಲ್ಲಿ ನಿಲ್ಲಿಸಿದ ಹಿಂಡಿನಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಐದಾರು ಮರಿ ಸತ್ತಾಗ ಹುಟ್ಟುವ ಮೊದಲ ಅನುಮಾನ: ಯಾರೋ ವಿಷ ಹಾಕಿದ್ದಾರೆ. ಪಕ್ಕದ ಹತ್ತಿ ಹೊಲಕ್ಕೆ ಕೀಟನಾಶಕ ಹೊಡೆದಿರುತ್ತಾರೆ. ಹಿಂದಿನ ದಿನ ಬದುವಿನ ಮೇಲೆ ಒಂದು ಮಾತು ಬಂದಿರುತ್ತದೆ. ಸತ್ತ ಮರಿಯೊಂದಿಗೆ ರೈತ ಮತ್ತು ಕುರಿಗಾರನ ನಡುವಿನ ವಿಶ್ವಾಸವೂ ಸಾಯುತ್ತದೆ. ಆದ್ದರಿಂದ ಸರಿಯಾದ ಕಾರಣ ಪತ್ತೆ ಮಾಡುವುದು ವೈದ್ಯಕೀಯದ ಕೆಲಸದಷ್ಟೇ ಊರಿನ ನೆಮ್ಮದಿಯ ಕೆಲಸವೂ ಹೌದು.

ಗುರುತಿಸಲು ಸಾವುಗಳ ಕ್ರಮವನ್ನೇ ಮೊದಲು ನೋಡಬೇಕು. ಎಳೆ ಜೋಳ ಅಥವಾ ಕೂಳೆ ಚಿಗುರು ತಿಂದು ಸೈನೈಡ್ ಏರಿದರೆ ಮೇಯುತ್ತಿದ್ದಂತೆಯೇ ಹಲವು ಕುರಿ ಒಟ್ಟಿಗೆ ಬೀಳುತ್ತವೆ, ರಕ್ತ ಕಡುಕೆಂಪಾಗಿ ಹೊಳೆಯುತ್ತದೆ. ನಮ್ಮ ಹಿರಿಯ ಕುರಿಗಾರರಿಗೆ ಇದು ಚೆನ್ನಾಗಿ ಗೊತ್ತು, ಅವರು ಚಿಗುರು ಜೋಳದ ಹತ್ತಿರ ಹಿಂಡು ಬಿಡುವುದಿಲ್ಲ. ಕೀಟನಾಶಕ ತಗುಲಿದರೆ ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಚುಕ್ಕೆಯಷ್ಟಾಗುತ್ತದೆ. ಕರುಳುಬೇನೆಯಲ್ಲಾದರೆ ದಿನಕ್ಕೆ ಒಂದೋ ಎರಡೋ ನಾಲ್ಕೋ, ಅದೂ ಕೊಬ್ಬಿದವು ಮೊದಲು, ಹೀಗೆ ಹಲವು ದಿನ ಸಾಯುತ್ತವೆ. ಸತ್ತ ಪ್ರಾಣಿಯ ಮೂಗು, ಬಾಯಿ, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಮಾತ್ರ ಯಾರೂ ಅದನ್ನು ಕೊಯ್ಯಬಾರದು. ಅದು ಆಂಥ್ರಾಕ್ಸ್ ಇರಬಹುದು, ಮನುಷ್ಯನಿಗೂ ಅಪಾಯ.

ಶವಪರೀಕ್ಷೆಯನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಮರಿ ಸತ್ತು ಬಹಳ ಹೊತ್ತಾಗಿರಬಾರದು. ಎದೆಗೂಡು ತೆರೆದರೆ ಹೃದಯದ ಸುತ್ತಣ ಚೀಲದಲ್ಲಿ ತಿಳಿ ಹಳದಿ ನೀರು ತುಂಬಿರುತ್ತದೆ. ಅದನ್ನು ಬಟ್ಟಲಿಗೆ ಬಗ್ಗಿಸಿ ಗಾಳಿಗೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಲೋಳೆಯಂತೆ ಹೆಪ್ಪುಗಟ್ಟುತ್ತದೆ. ಶ್ವಾಸಕೋಶ ನೀರುಂಡು ಭಾರವಾಗಿರುತ್ತದೆ. ಮೊದಲ ಹೊಟ್ಟೆಯನ್ನು ಸೀಳಿದರೆ ಕಾಳು, ಒಮ್ಮೊಮ್ಮೆ ಅರೆಬರೆ ಅಗಿದ ಇಡೀ ತೆನೆಯ ತುಂಡು ಕೈಗೆ ಸಿಗುತ್ತದೆ. ಮೂತ್ರಪಿಂಡದ ಸಿಪ್ಪೆ ತೆಗೆದು ಸಣ್ಣಗೆ ನೀರು ಬಿಟ್ಟರೆ ಅದರ ತಿರುಳು ಕರಗಿ ತೊಳೆದುಹೋಗುತ್ತದೆ. ಆದರೆ ಈ ಒಂದೇ ಗುರುತನ್ನು ನಂಬಿ ತೀರ್ಪು ಕೊಡಬಾರದು. ನಮ್ಮ ಬೇಸಿಗೆಯಲ್ಲಿ ಆರೇಳು ಗಂಟೆ ಬಿದ್ದಿದ್ದ ಯಾವ ಶವದ ಮೂತ್ರಪಿಂಡವೂ ಮೆತ್ತಗಾಗುತ್ತದೆ. ಹೆಚ್ಚು ನೆರವಾಗುವುದು ಮೂತ್ರಕೋಶದಲ್ಲಿ ಉಳಿದ ನಾಲ್ಕು ಹನಿ ಮೂತ್ರ. ಸಕ್ಕರೆ ಕಾಯಿಲೆಯವರ ಮೂತ್ರ ನೋಡಲು ಔಷಧಿ ಅಂಗಡಿಯಲ್ಲಿ ಸಿಗುವ ಪಟ್ಟಿಯನ್ನು ಅದರಲ್ಲಿ ಅದ್ದಿದರೆ ಬಣ್ಣ ಬದಲಾಗುತ್ತದೆ. ಎಪ್ಸಿಲಾನ್ ವಿಷ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಒಮ್ಮೆಲೇ ರಕ್ತಕ್ಕೆ ಸುರಿಸಿರುತ್ತದೆ. ಸತ್ತ ಮರಿಯ ಮೂತ್ರದಲ್ಲಿ ಸಕ್ಕರೆ, ಹೃದಯದ ಚೀಲದಲ್ಲಿ ನೀರು, ಹೊಟ್ಟೆಯಲ್ಲಿ ಕಾಳು, ಮೂರೂ ಸೇರಿದರೆ ಅನುಮಾನ ಬಹುತೇಕ ಗಟ್ಟಿಯಾಗುತ್ತದೆ.

ಅಲ್ಲಿಗೂ ನಿಲ್ಲಬಾರದು. ಸಣ್ಣ ಕರುಳಿನೊಳಗಿನ ದ್ರವವನ್ನು ಶುಚಿಯಾದ ಸೀಸೆಗೆ ಹಿಂಡಿ, ಕೆಲವು ಹನಿ ಕ್ಲೋರೋಫಾರ್ಮ್ ಹಾಕಿ, ಐಸ್ ಡಬ್ಬಿಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ ವಿಷವನ್ನೇ ನೇರವಾಗಿ ಗುರುತಿಸಬಹುದು. ಆ ಉತ್ತರ ಕಡತಕ್ಕೆ ಸೇರಿ ಮುಗಿಯದೆ ಕುರಿಗಾರನಿಗೂ ಹೊಲದ ರೈತನಿಗೂ ತಲುಪಬೇಕು. ಹೊಲದವನು ವಿಷ ಹಾಕಿರಲಿಲ್ಲ, ಮರಿಯ ಕರುಳಲ್ಲೇ ವಿಷ ಹುಟ್ಟಿತು ಎಂಬ ಒಂದು ಕಾಗದ ಎಷ್ಟೋ ಜಗಳಗಳನ್ನು ನಿಲ್ಲಿಸಬಲ್ಲದು.

ಸತ್ತ ಕುರಿಯ ಮಾಂಸ ತಿನ್ನಬೇಡಿ ಎಂಬ ಮಾತನ್ನೂ ಇಲ್ಲೇ ಹೇಳಬೇಕು. ನಷ್ಟವಾದವನಿಗೆ ಆ ಮಾಂಸವಾದರೂ ದಕ್ಕಲಿ ಅನ್ನಿಸುವುದು ಸಹಜ. ಆದರೆ ಸತ್ತ ಕಾರಣ ಖಚಿತವಾಗದ ಪ್ರಾಣಿಯ ಮಾಂಸ ಮನೆಯವರನ್ನೇ ಆಸ್ಪತ್ರೆಗೆ ಸೇರಿಸಬಹುದು. ಸುಣ್ಣ ಹಾಕಿ ಆಳವಾಗಿ ಹೂಳಿ. ಆಕಸ್ಮಿಕವಾಗಿ ಸತ್ತ ಕುರಿಗೆ ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಪರಿಹಾರವಿದೆ, ಅದಕ್ಕೂ ಪಶುವೈದ್ಯರ ಶವಪರೀಕ್ಷೆ ಬೇಕು. ಹೂಳುವ ಮೊದಲು ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

6. ಲಸಿಕೆಯ ಕಥೆ

ಸಮೃದ್ಧ ಮೇವಿನ ಕಾಲದಲ್ಲಿ ಕುರಿ ಸಾಯುವ ಈ ಒಗಟನ್ನು ಮೊದಲು ಬಿಡಿಸಿದ್ದು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಪಶುವೈದ್ಯ ವಿಜ್ಞಾನಿ ಎಚ್. ಡಬ್ಲ್ಯೂ. ಬೆನೆಟ್ಸ್ 1932ರಲ್ಲಿ ಪ್ರಕಟಿಸಿದ ಅಧ್ಯಯನ ರೋಗಕ್ಕೂ ಡಿ ಮಾದರಿಯ ಅಣುಜೀವಿಗೂ ಇರುವ ನಂಟನ್ನು ತೋರಿಸಿತು. 1957ರಲ್ಲಿ ಬ್ರಿಟನ್ನಿನ ಬುಲ್ಲೆನ್ ಮತ್ತು ಸ್ಕಾರಿಸ್‌ಬ್ರಿಕ್ ಕುರಿಗಳಲ್ಲಿ ಪ್ರಯೋಗದಿಂದಲೇ ಈ ರೋಗವನ್ನು ಮರುಸೃಷ್ಟಿಸಿದರು. ಮೇವಿನ ದಿಢೀರ್ ಬದಲಾವಣೆಯ ಪಾತ್ರ ಅದರಿಂದ ಇನ್ನಷ್ಟು ಸ್ಪಷ್ಟವಾಯಿತು. ಲಸಿಕೆಯ ತತ್ತ್ವ ಅದಕ್ಕೂ ಹಳೆಯದು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಗ್ಯಾಸ್ಟನ್ ರಾಮೋನ್ 1920ರ ದಶಕದಲ್ಲಿ ಡಿಫ್ತೀರಿಯಾ ವಿಷಕ್ಕೆ ಫಾರ್ಮಾಲಿನ್ ಸೇರಿಸಿ ಬೆಚ್ಚಗಿಟ್ಟರೆ ಅದರ ವಿಷಗುಣ ಹೋಗಿ ರಕ್ಷಣೆ ಹುಟ್ಟಿಸುವ ಗುಣ ಉಳಿಯುತ್ತದೆಂದು ತೋರಿಸಿದರು. ನಮ್ಮ ಕರುಳುಬೇನೆ ಲಸಿಕೆಯೂ ಅದೇ ದಾರಿಯದು.

ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯವಲ್ಲ. ದನಗಳ ದೊಡ್ಡರೋಗವನ್ನು ಎದುರಿಸಲು 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಆರಂಭವಾಯಿತು. ಅದೇ ಇಂದಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. ಆಗ ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮರ ಆಡಳಿತದಲ್ಲಿದ್ದವು. 1956ರಲ್ಲಿ ರಾಜ್ಯ ಒಂದಾದ ಮೇಲೆ ಆ ಸಂಸ್ಥೆ ನಮ್ಮದೂ ಆಯಿತು. ಕರುಳುಬೇನೆಯ ಲಸಿಕೆಯೂ ಅಲ್ಲಿ ತಯಾರಾಗುತ್ತದೆ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. 2009ರ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಜಿಲ್ಲಾ ಮಟ್ಟದ ಪಶುಸಂಗೋಪನಾ ಕಚೇರಿಯೂ ಹತ್ತಿರ ಬಂದಿದೆ.

ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಆ ಗೆಲುವನ್ನು ನೋಡಿ ಕರುಳುಬೇನೆಯೂ ಒಂದು ದಿನ ಹೋಗುತ್ತದೆಂದು ನಂಬಿ ಕೂರಬಾರದು. ದೊಡ್ಡರೋಗದ ವೈರಸ್ಸಿಗೆ ಬದುಕಲು ಒಂದು ಪ್ರಾಣಿಯಿಂದ ಇನ್ನೊಂದು ಪ್ರಾಣಿಗೆ ದಾಟುತ್ತಲೇ ಇರಬೇಕಿತ್ತು. ಆ ಸರಪಳಿ ಕಡಿದಾಗ ಅದು ಸತ್ತಿತು. ಕ್ಲಾಸ್ಟ್ರಿಡಿಯಂ ಮಣ್ಣಲ್ಲಿದೆ, ಆರೋಗ್ಯವಂತ ಕುರಿಯ ಕರುಳಲ್ಲಿದೆ. ಅದನ್ನು ಓಡಿಸಲಾಗದು. ಪ್ರತಿ ವರ್ಷ, ಪ್ರತಿ ಹೊಸ ಮರಿಗೆ ಮತ್ತೆ ರಕ್ಷಣೆ ಕೊಡುತ್ತಲೇ ಇರಬೇಕು. ಒಂದು ವರ್ಷ ಶಿಬಿರ ಮಾಡಿ ಫೋಟೋ ತೆಗೆದು ಮುಗಿಸುವ ಕೆಲಸ ಇದಲ್ಲ.

ಈ ಲಸಿಕೆಗೆ ಕೆಲವು ಕಟ್ಟುನಿಟ್ಟುಗಳಿವೆ. ಮೊದಲ ಸಲ ಹಾಕಿಸುವ ಮರಿಗೆ ಒಂದೇ ಡೋಸ್ ಸಾಲದು. ಎರಡರಿಂದ ಮೂರು ವಾರ ಬಿಟ್ಟು ಎರಡನೆಯದು ಬೇಕೇ ಬೇಕು. ಮೊದಲ ಡೋಸ್ ದೇಹಕ್ಕೆ ಶತ್ರುವಿನ ಪರಿಚಯ ಮಾಡಿಕೊಡುತ್ತದೆ, ನಿಜವಾದ ರಕ್ಷಣೆ ಎರಡನೆಯದರ ನಂತರವೇ. ಆಮೇಲೆ ವರ್ಷಕ್ಕೊಮ್ಮೆ ಮರುಲಸಿಕೆ. ಆಡುಗಳಲ್ಲಿ ರಕ್ಷಣೆ ಬೇಗ ಕುಂದುತ್ತದೆ, ಅವಕ್ಕೆ ಇನ್ನೂ ಬೇಗ ಬೇಕು. ಗಬ್ಬದ ಕುರಿಗೆ ಈಯುವ ಮೂರು ನಾಲ್ಕು ವಾರ ಮುಂಚೆ ಹಾಕಿಸಿದರೆ ಗಿಣ್ಣಿನ ಮೂಲಕ ಮರಿಗೂ ಮೊದಲ ಕೆಲವು ವಾರಗಳ ರಕ್ಷಣೆ ದೊರೆಯುತ್ತದೆ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಿಸಿಲಿಗೆ ಒಡ್ಡಬಾರದು, ಹೆಪ್ಪುಗಟ್ಟಿಸಲೂಬಾರದು. ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು ಕಾಣಿಸಿದರೆ ಹೆದರಬೇಕಿಲ್ಲ. ಗಬ್ಬದ ಕುರಿಯನ್ನು ಎಳೆದಾಡದೆ, ಬೀಳಿಸದೆ ಹಿಡಿಯಬೇಕು. ಲಸಿಕೆಯಿಂದ ಗಬ್ಬ ಹೋಯಿತು ಎಂಬ ದೂರಿನ ಹಿಂದೆ ಎಷ್ಟೋ ಸಲ ಒರಟು ಕೈಯೇ ಇರುತ್ತದೆ.

7. ಹಿಂಡಿನ ಪಂಚಾಂಗ

ಇಷ್ಟೆಲ್ಲ ಇದ್ದೂ ಮರಿಗಳು ಏಕೆ ಸಾಯುತ್ತಿವೆ? ನನ್ನ ಉತ್ತರ ಇದು: ನಮ್ಮ ಲಸಿಕೆ ಕಚೇರಿಯ ವರ್ಷದಂತೆ ನಡೆಯುತ್ತದೆ, ಹಿಂಡು ಮಳೆ ಮತ್ತು ಸುಗ್ಗಿಯ ವರ್ಷದಂತೆ ನಡೆಯುತ್ತದೆ. ಊರಿಗೆ ಲಸಿಕೆ ಬಂದ ದಿನ ಹಿಂಡು ಕೃಷ್ಣೆ ದಾಟಿ ಹೋಗಿರುತ್ತದೆ. ಮೊದಲ ಡೋಸ್ ಶಹಾಪುರದಲ್ಲಿ ಹಾಕಿಸಿದ ಮರಿ ಎರಡನೆಯದಕ್ಕೆ ಬೇರೆ ತಾಲ್ಲೂಕಿನ ಹೊಲದಲ್ಲಿರುತ್ತದೆ. ಅಲ್ಲಿ ಅದು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಎರಡನೆಯ ಡೋಸ್ ತಪ್ಪಿದ ಮರಿ ಸತ್ತಾಗ ಲಸಿಕೆಯೇ ಕೆಲಸ ಮಾಡಲಿಲ್ಲ ಎಂಬ ಮಾತು ಹಿಂಡಿಂದ ಹಿಂಡಿಗೆ ಹಬ್ಬುತ್ತದೆ. ಮರುವರ್ಷ ಆ ಕುರಿಗಾರ ಮೊದಲನೆಯ ಡೋಸಿಗೂ ಬರುವುದಿಲ್ಲ.

ಆದ್ದರಿಂದ ಲಸಿಕೆಯನ್ನು ಕುರಿಗಾರನ ಪಂಚಾಂಗಕ್ಕೆ ಹೊಂದಿಸಬೇಕು ಎಂಬುದು ನನ್ನ ಬೇಡಿಕೆ. ಎರಡು ಕಾಲಗಳನ್ನು ಸೂಚಿಸುತ್ತೇನೆ.

ಮುಂಗಾರಿನದು ಮೊದಲನೆಯದು. ಬಸವ ಜಯಂತಿಯ ಹೊತ್ತಿಗೆ ಮೊದಲ ಡೋಸ್, ಮೂರು ವಾರದ ನಂತರ, ಮಿರಗ ಕೂಡುವ ಮುಂಚೆ, ಎರಡನೆಯದು. ಹಸಿರು ಏಳುವಾಗ ಹಿಂಡಿಗೆ ರಕ್ಷಣೆ ಸಿದ್ಧವಾಗಿರುತ್ತದೆ. ಬೇಸಿಗೆಯ ಆ ದಿನಗಳಲ್ಲಿ ಬೆಳಗಿನ ಜಾವ, ಹಿಂಡು ದಡ್ಡಿಯಿಂದ ಹೊರಡುವ ಮೊದಲೇ ಲಸಿಕೆ ಹಾಕಬೇಕು. ಆಗ ಕುರಿಯೂ ಕೈಗೆ ಸಿಗುತ್ತದೆ, ಐಸ್ ಡಬ್ಬಿಯೂ ತಂಪಾಗಿರುತ್ತದೆ.

ಹಿಂಗಾರಿನದು ಎರಡನೆಯದು. ಸಂಕ್ರಾಂತಿಗೆ ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮೈಲಾರಲಿಂಗನ ಜಾತ್ರೆ ಸೇರುತ್ತದೆ. ಕುರಿ ಕಾಯುವ ಮನೆತನಗಳಿಗೆ ಅದು ದೊಡ್ಡ ಜಾತ್ರೆ. ಹರಕೆಯ ಕುರಿಮರಿಗಳನ್ನು ಪಲ್ಲಕ್ಕಿಯ ಮೇಲೆ ಎಸೆಯುವ ಪದ್ಧತಿಯನ್ನು ಜಿಲ್ಲಾಡಳಿತ ನಿಷೇಧಿಸಿದೆ. ದಾರಿಯಲ್ಲಿ ತಪಾಸಣೆ ಕೇಂದ್ರ ಹಾಕಿ ಭಕ್ತರಿಂದ ಮರಿಗಳನ್ನು ಪಡೆದುಕೊಳ್ಳುತ್ತದೆ. ಮರಿಗಳಿಗೆ ಆಗುತ್ತಿದ್ದ ಹಿಂಸೆ ತಪ್ಪಿದ್ದು ಒಳ್ಳೆಯದಾಯಿತು. ಆ ದಾರಿಗಳಲ್ಲಿ ಇಷ್ಟು ಸಿಬ್ಬಂದಿ ನಿಲ್ಲಬಹುದಾದರೆ ಅವರ ಪಕ್ಕದಲ್ಲೇ ಒಂದು ಲಸಿಕೆ ಮೇಜನ್ನೂ ಇಡಬಹುದು. ತಮ್ಮ ಹಿಂಡು ಈಗ ಎಲ್ಲಿದೆ, ಎಷ್ಟು ಮರಿ ಇವೆ ಎಂದು ಕುರಿಗಾರರು ಅಲ್ಲೇ ಹೇಳಿ ಬರೆಸಲಿ. ಜಾತ್ರೆಯ ಮರುವಾರವೇ ಆ ಹೊಲಗಳಿಗೆ ಲಸಿಕೆ ಹೋಗಲಿ. ಬಿಳಿಜೋಳದ ಕೊಯ್ಲಿಗೆ ಮುಂಚೆ ಎರಡನೆಯ ಡೋಸೂ ಮುಗಿಯಲಿ. ಮೈಲಾರನ ಹೆಸರಿನಲ್ಲಿ ಒಂದು ಮರಿಯನ್ನು ಉಳಿಸುವುದಕ್ಕಿಂತ ದೊಡ್ಡ ಹರಕೆ ಕುರಿಗಾರನಿಗೆ ಇರಲಾರದು.

ಇದರ ಜೊತೆ ಪ್ರತಿ ಹಿಂಡಿಗೆ ಒಂದು ಸಣ್ಣ ಪುಸ್ತಕ ಬೇಕು. ಹಾಕಿದ ಲಸಿಕೆ, ದಿನಾಂಕ, ಮುಂದಿನ ಡೋಸಿನ ದಿನ ಅದರಲ್ಲಿರಲಿ. ಆ ಪುಸ್ತಕ ತೋರಿಸಿದರೆ ಯಾವ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲೂ, ಯಾವ ಜಿಲ್ಲೆಯಲ್ಲೂ ಎರಡನೆಯ ಡೋಸ್ ಸಿಗಬೇಕು. “ನೀವು ನಮ್ಮ ಊರಿನವರಲ್ಲ” ಎಂಬ ಮಾತು ಯಾವ ಕುರಿಗಾರನ ಕಿವಿಗೂ ಬೀಳಬಾರದು.

ಕುರಿಗಾರ ಬಂಧುಗಳೆ, ನಿಮ್ಮ ಕೈಯಲ್ಲೇ ಇರುವ ಕೆಲಸವೂ ಇದೆ. ಕಟಾವಾದ ಹೊಲಕ್ಕೆ ಹಸಿದ ಹಿಂಡನ್ನು ಬಿಡಬೇಡಿ. ಮೊದಲು ಕಣಿಕೆಯೋ ಒಣ ಹುಲ್ಲೋ ಹೊಟ್ಟೆಗೆ ಬೀಳಲಿ. ಮೊದಲ ದಿನ ಸ್ವಲ್ಪ ಹೊತ್ತು ಮಾತ್ರ ಮೇಯಿಸಿ, ದಿನದಿಂದ ದಿನಕ್ಕೆ ಹೆಚ್ಚಿಸಿ, ಒಂದು ವಾರ ಹತ್ತು ದಿನದಲ್ಲಿ ಪೂರ್ತಿ ಬಿಡಿ. ಟಗರಿಗೆ ಕಾಳು ಹೆಚ್ಚಿಸುವಾಗಲೂ ಇದೇ ಕ್ರಮ. ಮರಿಗಳು ಸಾಯತೊಡಗಿದರೆ ಆ ಕ್ಷಣವೇ ಹಿಂಡನ್ನು ಆ ಹೊಲದಿಂದ ಎಬ್ಬಿಸಿ ಗುಡ್ಡದ ಒಣ ಮೇವಿಗೆ ಹೊಡೆಯಿರಿ. ಅಷ್ಟರಿಂದಲೇ ಸಾವು ಇಳಿಯುತ್ತದೆ. ರೈತ ಬಂಧುಗಳೆ, ಕಟಾವಿನ ನಂತರ ಉದುರಿದ ಕಾಳಿನ ರಾಶಿ ಎಲ್ಲಿದೆ ಎಂದು ಕುರಿಗಾರನಿಗೆ ಮೊದಲೇ ತೋರಿಸಿ. ನಿಮ್ಮ ಹೊಲಕ್ಕೆ ಗೊಬ್ಬರ ಕೊಡುವ ಹಿಂಡು ಅದು.

ಪಶುವೈದ್ಯ ವಿದ್ಯಾರ್ಥಿಗಳೆ, ನೀವು ಕಲಿಯುವ ಎಪ್ಸಿಲಾನ್, ಟ್ರಿಪ್ಸಿನ್ ಎಂಬ ಹೆಸರುಗಳು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮುಗಿಯದಿರಲಿ. ಮುಂದೆ ನಿಮ್ಮನ್ನು ಈ ಜಿಲ್ಲೆಗೆ ಹಾಕಿದರೆ ಬೆಳಗಿನ ಜಾವದ ದಡ್ಡಿಗೆ ಹೋಗುವ ಅಭ್ಯಾಸ ಇಟ್ಟುಕೊಳ್ಳಿ. ಕುರಿಗಾರನ ಮಾತನ್ನು ಪೂರ್ತಿ ಕೇಳಿ. ಯಾವ ಹೊಲ, ಯಾವಾಗಿನಿಂದ, ಯಾವ ಮರಿ ಎಂಬ ಮೂರು ಪ್ರಶ್ನೆಗೆ ಅವನು ಕೊಡುವ ಉತ್ತರದಲ್ಲೇ ಅರ್ಧ ರೋಗನಿರ್ಣಯ ಇರುತ್ತದೆ.

ಈ ರೋಗದ ಕಾರಣ, ವಿಷದ ಸ್ವರೂಪ, ತಡೆಯುವ ದಾರಿ ಎಲ್ಲವೂ ನಮಗೆ ಗೊತ್ತಿದೆ. ಲಸಿಕೆ ನಮ್ಮ ರಾಜ್ಯದಲ್ಲೇ ತಯಾರಾಗುತ್ತದೆ. ಉಳಿದಿರುವುದು ಅದನ್ನು ಸರಿಯಾದ ವಾರದಲ್ಲಿ ಸರಿಯಾದ ಹೊಲಕ್ಕೆ, ಒಂದಲ್ಲ ಎರಡು ಸಲ ತಲುಪಿಸುವ ಕೆಲಸ. ಮುಂದಿನ ಬಸವ ಜಯಂತಿಗೆ ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲ್ಲೂಕುಗಳಲ್ಲಿ ಆ ಕೆಲಸ ಶುರುವಾಗಲಿ, ಜಿಲ್ಲಾಡಳಿತ, ಇಲಾಖೆ, ಕುರಿಗಾರರ ಸಹಕಾರ ಸಂಘಗಳು ಕೂಡಿ ಅದನ್ನು ನಡೆಸಲಿ ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.